ಡಿ-ಡೇ, ಎಚ್-ಅವರ್, ಝೀರೋ ಅವರ್: ದಾಳಿಯ ಮುಹೂರ್ತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಕದ್ರಿ ಗುಡ್ಡದ ಯುದ್ಧ ಸ್ಮಾರಕದ ಹತ್ತಿರ ಕಾರ್ಗಿಲ್ ವಿಜಯ ದಿನದ ಕಾರ್ಯಕ್ರಮ ಮುಗಿದ ಮೇಲೆ ಎನ್‌ಸಿಸಿ ಮಕ್ಕಳು ಅಲ್ಲೇ ಸುತ್ತಮುತ್ತ ಬನ್ಸು, ಚಾ ಎಂದು ಕೂರುತ್ತಾರೆ. ನಾನೂ ಆಗಾಗ ಜೊತೆಗೆ ಕೂರುತ್ತೇನೆ. ಆಗ ಬರುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸೈನಿಕನಲ್ಲ. ಕಾಲೇಜಿನಲ್ಲಿ ಮೂರು ವರ್ಷ ಎನ್‌ಸಿಸಿ ಮಾಡಿದವನು, ಆಮೇಲೆ ಯುದ್ಧದ ಇತಿಹಾಸ ಓದುವ ಹುಚ್ಚು ಹಿಡಿಸಿಕೊಂಡವನು, ಅಷ್ಟೇ.

ಡಿ-ಡೇಯಲ್ಲಿ ಡಿ ಅಂದರೆ ಏನು? ಡೂಮ್ಸ್‌ಡೇನಾ, ಡಿಸಿಷನ್‌ನಾ, ಡೆತ್ತಾ?

ಯಾವುದೂ ಅಲ್ಲ. ಡಿ ಅಂದರೆ ಡೇ. ಡಿ-ಡೇ ಎಂದರೆ "ದಿನ ದಿನ" ಎಂದ ಹಾಗಾಯಿತು! ಇದನ್ನು ಹೇಳಿದಾಗ ಮಕ್ಕಳ ಮುಖ ಸಪ್ಪಗಾಗುತ್ತದೆ. ಏನೋ ದೊಡ್ಡ ರಹಸ್ಯ ಇರಬೇಕು ಎಂದುಕೊಂಡಿರುತ್ತಾರೆ, ಪಾಪ. ಎಚ್-ಅವರ್ ಕೂಡ ಹಾಗೆಯೇ, ಎಚ್ ಅಂದರೆ ಅವರ್. ಡಿ-ಡೇ ದಾಳಿಯ ದಿನ, ಎಚ್-ಅವರ್ ದಾಳಿಯ ಹೊತ್ತು, ಅಷ್ಟೇ. ಫ್ರೆಂಚರೂ ಇದೇ ದಾರಿ ಹಿಡಿದವರು. ಅವರ ಭಾಷೆಯಲ್ಲಿ ದಿನಕ್ಕೆ ಝೂರ್, ಆದ್ದರಿಂದ ಅವರದ್ದು "ಝೂರ್ ಜೆ". ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಇಡುತ್ತೇವಲ್ಲ, ಡಿ ಕೂಡ ಅದೇ ಕೆಲಸ ಮಾಡುತ್ತದೆ. ತಾರೀಕು ಗೊತ್ತಾಗುವವರೆಗೆ ಅದು ಖಾಲಿ ಡಬ್ಬ.

ಈ ಮಾತು ನಾರ್ಮಂಡಿಯಲ್ಲೇ ಹುಟ್ಟಿದ್ದಲ್ವಾ?

ಅಲ್ಲ. ನಾರ್ಮಂಡಿ ಎಂದರೆ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಕಡಲಿಂದ ಬಂದು ಇಳಿದ ಫ್ರಾನ್ಸಿನ ಕರಾವಳಿ. ಈ ಮಾತು ಅದಕ್ಕಿಂತ 26 ವರ್ಷ ಹಳೆಯದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಫ್ರಾನ್ಸಿನ ಸೇಂಟ್ ಮಿಹಿಯೆಲ್ ಎಂಬಲ್ಲಿ ದಾಳಿಗೆ ಹೊರಟಿತ್ತು. 1918ರ ಸೆಪ್ಟೆಂಬರ್ 7ರ ಆದೇಶದಲ್ಲಿ, ಫಸ್ಟ್ ಆರ್ಮಿ "ಡಿ ಡೇ, ಎಚ್ ಅವರ್‌ಗೆ" ದಾಳಿ ಮಾಡಬೇಕು ಎಂದು ಬರೆದಿತ್ತು. ನಮಗೆ ಸಿಕ್ಕಿರುವ ಅತಿ ಹಳೆಯ ಬಳಕೆ ಇದು. ದಾಳಿ ನಡೆದದ್ದು ಸೆಪ್ಟೆಂಬರ್ 12ರಂದು.

ಎರಡನೇ ಮಹಾಯುದ್ಧದಲ್ಲಂತೂ ಡಿ-ಡೇಗಳು ಲೆಕ್ಕವಿಲ್ಲದಷ್ಟು. ಸೈಪಾನ್ ದ್ವೀಪಕ್ಕೆ ಒಂದು, ಇವೊ ಜಿಮಾಗೆ ಇನ್ನೊಂದು. ಆದರೆ 1944ರ ಜೂನ್ 6ರ ನಾರ್ಮಂಡಿ ಅಷ್ಟು ದೊಡ್ಡದಾಗಿತ್ತು, ಎಲ್ಲರ ಹೆಸರನ್ನೂ ಅದೊಂದೇ ನುಂಗಿಬಿಟ್ಟಿತು.

ತಾರೀಕು ನೇರವಾಗಿ ಬರೆದರೆ ಏನಾಗುತ್ತದೆ? ಯಾಕಿಷ್ಟು ಸುತ್ತು?

ಗುಟ್ಟು ಕಾಪಾಡಲು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಒಂದು ಯೋಜನೆಯ ಕಾಗದ ನೂರಾರು ಕೈ ದಾಟುತ್ತದೆ. ಅಡುಗೆಯವರಿಂದ ಹಿಡಿದು ಪೆಟ್ರೋಲ್ ಲೆಕ್ಕ ಬರೆಯುವವರವರೆಗೆ. ಅವರಿಗೆಲ್ಲ ತಾರೀಕು ಬೇಡ, "ದಾಳಿಗೆ ಎರಡು ದಿನ ಮುಂಚೆ ಇಷ್ಟು ಡೀಸೆಲ್ ಇಲ್ಲಿರಬೇಕು" ಎಂಬುದು ಗೊತ್ತಿದ್ದರೆ ಸಾಕು.

ಉಳಿದರ್ಧ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಉಡುಪಿಯವರಿಗೆ ಇದು ಬೇಗ ಹೊಳೆಯುತ್ತದೆ. ಪರ್ಯಾಯಕ್ಕೆ ಮುಂಚೆ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದು ವರ್ಷದಿಂದಲೇ ತಯಾರಿ ನಡೆಯುತ್ತದೆ ಅಲ್ವಾ? ಎಲ್ಲವೂ ಕೊನೆಯ ಆ ಒಂದು ದಿನದಿಂದ ಹಿಂದಕ್ಕೆ ಎಣಿಸಿದ ಲೆಕ್ಕ. ಪರ್ಯಾಯದ ದಿನ ಜನವರಿ 18 ಎಂದು ಊರಿಗೆಲ್ಲ ಗೊತ್ತು. ಒಂದು ವೇಳೆ ಆ ದಿನವೇ ಗೊತ್ತಿಲ್ಲ, ಆದರೆ ತಯಾರಿ ಮಾತ್ರ ನಿಲ್ಲುವ ಹಾಗಿಲ್ಲ ಎಂದುಕೊಳ್ಳಿ. ಆಗ ಏನು ಮಾಡುತ್ತೀರಿ? "ಆ ದಿನ" ಎಂದು ಒಂದು ಅಕ್ಷರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದರಿಂದ ಹಿಂದೆ ಮುಂದೆ ಎಣಿಸುತ್ತೀರಿ. ಸೇನೆ ಮಾಡುವುದೂ ಅದನ್ನೇ. ಹವಾಮಾನ ಕೆಟ್ಟು ದಿನ ಮುಂದೆ ಹೋದರೂ ಸಾವಿರ ಪುಟದ ಯೋಜನೆಯಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಿಲ್ಲ.

ಡಿ ಪ್ಲಸ್ 3, ಎಚ್ ಮೈನಸ್ 20 ಎಂದರೆ?

ಡಿ ಜೊತೆ ಬರುವ ಸಂಖ್ಯೆ ದಿನದ್ದು. ಡಿ ಪ್ಲಸ್ 3 ಎಂದರೆ ದಾಳಿಯ ಮೂರು ದಿನ ನಂತರ. ನಾರ್ಮಂಡಿಯಲ್ಲಿ ಅದು ಜೂನ್ 9. ಎಚ್ ಜೊತೆ ಬರುವುದು ಸಾಮಾನ್ಯವಾಗಿ ನಿಮಿಷ. ದೊಡ್ಡ ಯೋಜನೆಗಳಲ್ಲಿ ಗಂಟೆಯೂ ಇರಬಹುದು, ಹಾಗಿದ್ದರೆ ಆದೇಶದಲ್ಲಿ ಬಿಡಿಸಿ ಹೇಳಿರುತ್ತಾರೆ.

1991ರ ಕೊಲ್ಲಿ ಯುದ್ಧ ಇದಕ್ಕೆ ಒಳ್ಳೆ ಉದಾಹರಣೆ. ಎಚ್-ಅವರ್ ಜನವರಿ 17ರ ನಸುಕಿನ 3 ಗಂಟೆ, ಬಾಗ್ದಾದ್ ಸಮಯ. ಆದರೆ ಅಪಾಚೆ ಹೆಲಿಕಾಪ್ಟರುಗಳು ಇರಾಕಿನ ಗಡಿಯ ರೇಡಾರ್ ಕೇಂದ್ರಗಳಿಗೆ ಹೊಡೆದದ್ದು 2:38ಕ್ಕೆ, ಅಂದರೆ ಎಚ್ ಮೈನಸ್ 22. ಮೊದಲು ಕಣ್ಣು ಕಟ್ಟಿದರು, ಆಮೇಲೆ ಆ ಕಿಂಡಿಯಲ್ಲಿ ವಿಮಾನಗಳನ್ನು ನುಗ್ಗಿಸಿದರು.

ಹಾಗಾದರೆ ಎಚ್-ಅವರ್ ಎಂದರೆ ಮೊದಲ ಗುಂಡು ಹಾರುವ ಹೊತ್ತಲ್ಲವಾ?

ಮೇಲಿನ ಉದಾಹರಣೆಯಲ್ಲೇ ಗೊತ್ತಾಯಿತಲ್ಲ, ಅಲ್ಲ. ಇದು ತುಂಬಾ ಜನ ಎಡವುವ ಜಾಗ.

ಕಾಲಾಳುಗಳ ದಾಳಿಯಲ್ಲಿ, ನಮ್ಮ ಸೇನೆ ಬ್ರಿಟಿಷರಿಂದ ಪಡೆದ ಪದ್ಧತಿಯ ಪ್ರಕಾರ, ಮುಂಚೂಣಿಯ ಜವಾನರು ಸ್ಟಾರ್ಟ್ ಲೈನ್ ದಾಟುವ ಹೊತ್ತೇ ಎಚ್-ಅವರ್. ಸ್ಟಾರ್ಟ್ ಲೈನ್ ಎಂದರೆ ನೆಲದ ಮೇಲೆ ಸುಣ್ಣ ಹಾಕಿದ ಗೆರೆ ಅಲ್ಲ. ಒಂದು ತೋಡು, ಗದ್ದೆಯ ಬದು, ರಸ್ತೆಯ ಅಂಚು, ಹೀಗೆ ಕತ್ತಲಲ್ಲೂ ಗುರುತು ಸಿಗುವ ಒಂದು ಜಾಗ. ಅದಕ್ಕೆ ಸ್ವಲ್ಪ ಹಿಂದೆ ಎಫ್‌ಯುಪಿ, ಅಂದರೆ ಫಾರ್ಮಿಂಗ್ ಅಪ್ ಪ್ಲೇಸ್ ಇರುತ್ತದೆ. ಅಲ್ಲಿ ಸಾಲು ಕಟ್ಟಿ, ಯಾರ ಪಕ್ಕ ಯಾರು ಎಂದು ನೋಡಿಕೊಂಡು, ಉಸಿರು ಬಿಗಿ ಹಿಡಿದು ಕಾಯುತ್ತಾರೆ. ಇನ್ನೂ ಹಿಂದೆ ಅಸೆಂಬ್ಲಿ ಏರಿಯಾ. ಊಟ, ನೀರು, ಮದ್ದುಗುಂಡು, ಕೊನೆಯ ಮಾತು ಎಲ್ಲ ಅಲ್ಲೇ ಮುಗಿಯಬೇಕು.

ಕಡಲಿಂದ ಇಳಿಯುವ ದಾಳಿಯಲ್ಲಿ ಮೊದಲ ಅಲೆಯ ದೋಣಿ ದಡ ಮುಟ್ಟುವ ಹೊತ್ತು ಎಚ್-ಅವರ್. ದೋಣಿ ಹಡಗಿನಿಂದ ಹೊರಟ ಹೊತ್ತಲ್ಲ. ಒಂದೇ ಮಾತು, ಎರಡು ಲೆಕ್ಕ. ಆದ್ದರಿಂದ ಯಾವುದಾದರೂ ಯುದ್ಧದ ವರದಿ ಓದುವಾಗ "ಇಲ್ಲಿ ಎಚ್ ಎಲ್ಲಿ ಇಟ್ಟಿದ್ದಾರೆ?" ಎಂದು ಮೊದಲು ಹುಡುಕಿ.

ಝೀರೋ ಅವರ್ ಎಂದರೆ ಬೇರೆಯಾ? ವಿಧಾನಸಭೆಯಲ್ಲೂ ಇದೆಯಲ್ಲ?

ಝೀರೋ ಅವರ್ ಬ್ರಿಟಿಷರ ಮಾತು, ಮೊದಲ ಮಹಾಯುದ್ಧದ್ದು. ಅರ್ಥ ಎಚ್-ಅವರ್‌ನದ್ದೇ. ವಿಧಾನಸಭೆಯ, ಸಂಸತ್ತಿನ ಶೂನ್ಯ ವೇಳೆಗೂ ದಾಳಿಗೂ ಸಂಬಂಧ ಇಲ್ಲ, ಗಲಾಟೆ ಎಷ್ಟೇ ಇದ್ದರೂ! ಸಂಸತ್ತಿನಲ್ಲಿ ಪ್ರಶ್ನೋತ್ತರ ಮುಗಿದು ಮಧ್ಯಾಹ್ನ 12ಕ್ಕೆ ಶುರುವಾಗುತ್ತಿದ್ದ ಆ ಹೊತ್ತಿಗೆ ಪತ್ರಿಕೆಯವರು ಇಟ್ಟ ಹೆಸರು ಅದು.

ಝೀರೋ ಅವರ್ ಎಂದ ಕೂಡಲೇ ನೆನಪಾಗುವುದು 1916ರ ಜುಲೈ 1, ಫ್ರಾನ್ಸಿನ ಸೊಮ್ ನದಿಯ ಬಯಲು. ಬೆಳಿಗ್ಗೆ 7:30ಕ್ಕೆ ಬ್ರಿಟಿಷ್ ಪಡೆ ಕಂದಕ ಹತ್ತಿ ಹೊರಡಬೇಕಿತ್ತು. ಜರ್ಮನ್ನರ ನೆಲೆಗಳ ಅಡಿಗೆ ಸುರಂಗ ತೋಡಿ ಸ್ಫೋಟಕ ತುಂಬಿಸಿಟ್ಟಿದ್ದರು. ಹೆಚ್ಚಿನವನ್ನು 7:28ಕ್ಕೆ ಸಿಡಿಸುವುದು ಎಂದು ತೀರ್ಮಾನ. ಹಾಥಾರ್ನ್ ಗುಡ್ಡದ ಅಡಿಯ ಒಂದನ್ನು ಮಾತ್ರ 7:20ಕ್ಕೇ ಸಿಡಿಸಿದರು. ಅದರ ಜೊತೆ ಆ ಭಾಗದ ದೊಡ್ಡ ಫಿರಂಗಿಗಳೂ ಎದುರಿನ ಸಾಲನ್ನು ಬಿಟ್ಟು ಹಿಂದಕ್ಕೆ ಗುರಿ ಇಟ್ಟವು. ಹತ್ತು ನಿಮಿಷ! ದಾಳಿ ಬಂತು ಎಂದು ಜರ್ಮನ್ನರಿಗೆ ಗಂಟೆ ಬಾರಿಸಿ ಹೇಳಿದ ಹಾಗಾಯಿತು. ಅವರು ನೆಲಮಾಳಿಗೆಯಿಂದ ಮೇಲೆ ಬಂದು ಮೆಷಿನ್ ಗನ್ ಜೋಡಿಸಿಕೊಂಡು ಕೂತರು. ಆ ಒಂದೇ ದಿನ 19,000ಕ್ಕೂ ಜಾಸ್ತಿ ಬ್ರಿಟಿಷ್ ಸೈನಿಕರು ಸತ್ತರು. ಎಲ್ಲ ಸಾವಿಗೂ ಆ ಹತ್ತು ನಿಮಿಷ ಕಾರಣವಲ್ಲ, ಬೇರೆ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಆ ಗುಡ್ಡದ ಎದುರು ನಿಂತವರಿಗೆ ಆ ಹತ್ತು ನಿಮಿಷ ತುಂಬಾ ದುಬಾರಿಯಾಯಿತು.

ಮುಂದಿನ ವರ್ಷ ಪಾಠ ಕಲಿತರು. 1917ರ ಜೂನ್ 7, ಬೆಲ್ಜಿಯಂನ ಮೆಸ್ಸೀನ್. ನಸುಕಿನ 3:10ಕ್ಕೆ 19 ಸುರಂಗ ಸ್ಫೋಟಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಸಿಡಿದವು, ಕಾಲಾಳುಗಳು ಆಗಲೇ ಹೊರಟರು. ಗುಡ್ಡ ಕೈಗೆ ಬಂತು.

ಸಿನಿಮಾದಲ್ಲಿ ಎಲ್ಲರೂ ವಾಚು ನೋಡಿ ಮುಳ್ಳು ತಿರುಗಿಸುತ್ತಾರಲ್ಲ, ಅದು ನಿಜವಾ?

ನಿಜ. ಆದೇಶ ಕೊಡುವ ಸಭೆಯ ಕೊನೆಯಲ್ಲಿ ಅದು ಕಡ್ಡಾಯ. "ಈಗ ಒಂದು ನಿಮಿಷದಲ್ಲಿ ಸಮಯ 17:42 ಆಗುತ್ತದೆ" ಎಂದು ಹೇಳಿ, ಕೊನೆಯ ಸೆಕೆಂಡುಗಳನ್ನು ಎಣಿಸಿ, ಎಲ್ಲರೂ ಒಟ್ಟಿಗೆ ಗುಂಡಿ ಒತ್ತುತ್ತಾರೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಟೆಲಿಫೋನ್ ಮಾತನ್ನು ಶತ್ರು ಕದ್ದು ಕೇಳುತ್ತಿದ್ದ. ಅದಕ್ಕೇ ಸರಿ ಮಾಡಿದ ವಾಚುಗಳನ್ನು ಮನುಷ್ಯರ ಕೈಯಲ್ಲಿ ಕಂದಕದಿಂದ ಕಂದಕಕ್ಕೆ ಕಳಿಸುತ್ತಿದ್ದರು. ಗಂಡಸರು ಕೈಗೆ ವಾಚು ಕಟ್ಟುವ ಅಭ್ಯಾಸ ಆ ಯುದ್ಧದಿಂದಲೇ ಜೋರಾಗಿ ಹಬ್ಬಿದ್ದು. ಅಲ್ಲಿಯವರೆಗೆ ಜೇಬಿನ ಗಡಿಯಾರವೇ ಗಂಡಸಿನ ಲಕ್ಷಣ.

ನನ್ನದೇ ಒಂದು ಕತೆ ಹೇಳಲಾ? ಎನ್‌ಸಿಸಿ ಕ್ಯಾಂಪಿನಲ್ಲಿ ಒಂದು ಅಣಕು ದಾಳಿ ಇತ್ತು. ನಮ್ಮ ತಂಡ ಪಕ್ಕದ ಗುಡ್ಡದಿಂದ ಪಟಾಕಿ ಹೊಡೆದು ಶತ್ರುವಿನ ಗಮನ ಸೆಳೆಯಬೇಕು, ಆ ಸದ್ದಿನಲ್ಲಿ ಇನ್ನೊಂದು ತಂಡ ನುಗ್ಗಬೇಕು. ನನ್ನ ಕೈಯಲ್ಲಿದ್ದದ್ದು ಮಾವ ಗಲ್ಫಿನಿಂದ ತಂದುಕೊಟ್ಟ ವಾಚು. ಚಂದ ಇತ್ತು, ನಾಲ್ಕು ನಿಮಿಷ ಮುಂದಿತ್ತು. ನಮ್ಮ ಪಟಾಕಿ ಪೂರಾ ಮುಗಿದ ಮೇಲೆ ಅವರು ಗೇರು ಮರಗಳ ನಡುವಿನಿಂದ ಸದ್ದಿಲ್ಲದೆ ಎದ್ದು ಬಂದರು. ಎದುರಿನವರು ನಗುತ್ತಾ ಎಲ್ಲರನ್ನೂ "ಕೊಂದರು". ಆ ಸಂಜೆ ಹವಾಲ್ದಾರರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗ ಜಿಪಿಎಸ್‌ನಿಂದಲೇ ಸರಿಯಾದ ಸಮಯ ಸಿಗುತ್ತದೆ. ಆದರೂ ಜಿಪಿಎಸ್ ಸಿಗ್ನಲನ್ನು ಕೆಡಿಸಲು ಬರುತ್ತದೆ ಎಂದು ಗೊತ್ತಿರುವುದರಿಂದ ಕೈ ವಾಚು ಸರಿ ಮಾಡುವ ಪದ್ಧತಿಯನ್ನು ಬಿಟ್ಟಿಲ್ಲ.

ಫಿರಂಗಿಯವರ "ಟೈಮ್ ಆನ್ ಟಾರ್ಗೆಟ್" ಎಂದರೆ?

ಬೆಳಿಗ್ಗೆ 10ಕ್ಕೆ ಹಂಪನಕಟ್ಟೆಯಲ್ಲಿ ಎಲ್ಲರೂ ಸೇರಬೇಕು ಎಂದಿಟ್ಟುಕೊಳ್ಳಿ. ಉಡುಪಿಯವರು 8:30ಕ್ಕೆ ಎಕ್ಸ್‌ಪ್ರೆಸ್ ಬಸ್ ಹತ್ತುತ್ತಾರೆ. ಸುರತ್ಕಲ್‌ನವರು 9:15ಕ್ಕೆ ಹೊರಡುತ್ತಾರೆ. ಕಂಕನಾಡಿಯವರು 9:50ರವರೆಗೆ ಮನೆಯಲ್ಲೇ ಚಾ ಕುಡಿಯಬಹುದು. ಹೊರಡುವ ಹೊತ್ತು ಬೇರೆ ಬೇರೆ, ಮುಟ್ಟುವ ಹೊತ್ತು ಒಂದೇ.

ಫಿರಂಗಿಗಳೂ ಬೇರೆ ಬೇರೆ ದೂರದಲ್ಲಿರುತ್ತವೆ. ಒಂದರ ಗುಂಡು ಗುರಿ ಮುಟ್ಟಲು 40 ಸೆಕೆಂಡು, ಇನ್ನೊಂದರದ್ದು 25. ಮೊದಲಿನದ್ದು 15 ಸೆಕೆಂಡು ಮುಂಚೆ ಹಾರಿಸಿದರೆ ಎರಡೂ ಒಟ್ಟಿಗೆ ಬೀಳುತ್ತವೆ. ಇದರಿಂದ ಏನು ಲಾಭ? ಮೊದಲ ಗುಂಡು ಬಿದ್ದ ಕೂಡಲೇ ಯಾರೇ ಆದರೂ ನೆಲಕ್ಕೆ ಬೀಳುತ್ತಾರೆ, ಬಂಕರಿಗೆ ಓಡುತ್ತಾರೆ. ಎರಡನೆಯದಕ್ಕೆ ಯಾರೂ ಸಿಗುವುದಿಲ್ಲ. ಎಲ್ಲವೂ ಒಂದೇ ಸಲ ಬಿದ್ದರೆ ಓಡಲು ಹೊತ್ತೇ ಇಲ್ಲ.

ಇದರ ಇನ್ನೊಂದು ಮುಖ, ಫಿರಂಗಿ ಯಾವಾಗ ನಿಲ್ಲಬೇಕು ಎಂಬುದು. ಜವಾನರು ಹತ್ತಿರ ಬಂದ ಹಾಗೆ ಗುಂಡಿನ ಸಾಲು ಮುಂದಕ್ಕೆ ಸರಿಯಬೇಕು. ಇದಕ್ಕೆ "ಲಿಫ್ಟ್" ಎನ್ನುತ್ತಾರೆ. ಬೇಗ ಎತ್ತಿದರೆ ಶತ್ರು ತಲೆ ಎತ್ತುತ್ತಾನೆ, ತಡ ಮಾಡಿದರೆ ನಮ್ಮವರ ಮೇಲೆಯೇ ಬೀಳುತ್ತದೆ. ಎಚ್ ಪ್ಲಸ್, ಎಚ್ ಮೈನಸ್ ಲೆಕ್ಕಕ್ಕೆ ಜೀವದ ಬೆಲೆ ಬರುವುದು ಇಲ್ಲಿಯೇ. ಸದ್ದಿಲ್ಲದೆ ಹತ್ತಿರ ಹೋಗಿ ಕೊನೆಗೆ ನುಗ್ಗುವ ದಾಳಿಯೂ ಉಂಟು, ಅದನ್ನು ಸೈಲೆಂಟ್ ಅಟ್ಯಾಕ್ ಎನ್ನುತ್ತಾರೆ. ಅಲ್ಲಿ ಫಿರಂಗಿಗಳು ತಯಾರಾಗಿ ಕಾದಿರುತ್ತವೆ, ಕರೆ ಬಂದರೆ ಮಾತ್ರ ಹೊಡೆಯುತ್ತವೆ.

ದಿನ, ಹೊತ್ತು ಗೊತ್ತು ಮಾಡುವುದು ಯಾರು? ಜನರಲ್ ಮನಸ್ಸಿಗೆ ಬಂದ ಹಾಗಾ?

ನಮ್ಮ ಕರಾವಳಿಯವರಿಗೆ ಇದರ ಉತ್ತರ ಹೇಳಿಕೊಡಬೇಕಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಕಾಗದದ ಪ್ರಕಾರ ಆಗಸ್ಟ್ 1ಕ್ಕೆ ಮಲ್ಪೆಯ ಬೋಟುಗಳು ಹೊರಡಬಹುದು. ಆದರೆ ಕಡಲು ಬಿಡದಿದ್ದರೆ? ಬಲೆ, ಐಸು, ಡೀಸೆಲ್ ಎಲ್ಲ ತುಂಬಿದ್ದರೂ ಬೋಟು ಧಕ್ಕೆಯಲ್ಲೇ ಕಟ್ಟಿಕೊಂಡಿರಬೇಕು.

ನಾರ್ಮಂಡಿಯಲ್ಲಿ ಆದದ್ದೂ ಅದೇ. ಅಲ್ಲಿ ಬೇಕಿದ್ದದ್ದು ಎರಡು. ಪ್ಯಾರಾಚೂಟಿನವರಿಗೆ ರಾತ್ರಿ ಬೆಳದಿಂಗಳು ಬೇಕು. ದೋಣಿಯವರಿಗೆ ಬೆಳಗಾಗುವ ಹೊತ್ತಿಗೆ ಇಳಿತ ಬೇಕು, ಯಾಕೆಂದರೆ ಜರ್ಮನ್ನರು ದಡದ ಉದ್ದಕ್ಕೂ ಕಬ್ಬಿಣದ ಕಂಬ, ಬಾಂಬು ನೆಟ್ಟಿದ್ದರು. ನೀರು ಇಳಿದಾಗ ಮಾತ್ರ ಅವು ಕಣ್ಣಿಗೆ ಕಾಣುತ್ತಿದ್ದವು. ಎರಡೂ ಕೂಡಿ ಬರುವ ದಿನಗಳು ಜೂನ್ 5, 6, 7 ಮಾತ್ರ. ಜೂನ್ 5 ಎಂದು ಗೊತ್ತು ಮಾಡಿದರು. ಬಿರುಗಾಳಿ ಎದ್ದಿತು. ಹವಾಮಾನ ನೋಡುತ್ತಿದ್ದ ಜೇಮ್ಸ್ ಸ್ಟ್ಯಾಗ್ ಬೇಡ ಎಂದರು. ಆಗಲೇ ಹೊರಟಿದ್ದ ಹಡಗುಗಳನ್ನು ವಾಪಸ್ ಕರೆಸಿದರು. ಆಮೇಲೆ ಸ್ಟ್ಯಾಗ್ ಅವರೇ, ಜೂನ್ 6ಕ್ಕೆ ಗಾಳಿ ಸ್ವಲ್ಪ ಬಿಡುವು ಕೊಡುತ್ತದೆ ಎಂದರು. ಮಿತ್ರಪಡೆಗಳ ಮುಖ್ಯ ದಂಡನಾಯಕ ಐಸೆನ್‌ಹೋವರ್ ಒಪ್ಪಿದರು. ಅಂದು ಬೇಡ ಎಂದಿದ್ದರೆ ಇಳಿತ ಮತ್ತೆ ಸರಿಹೊಂದುವುದು ಎರಡು ವಾರದ ನಂತರ. ಆ ದಿನಗಳಲ್ಲಿ, ಜೂನ್ 19ರಿಂದ, ಅದೇ ಕಡಲಿನಲ್ಲಿ ದೊಡ್ಡ ಬಿರುಗಾಳಿ ಬೀಸಿತು.

ಇನ್ನೊಂದು ವಿಷಯ. ಆ ದಿನ ಎಚ್-ಅವರ್ ಒಂದೇ ಇರಲಿಲ್ಲ. ಭರತ ಪಡುವಣದಿಂದ ಮೂಡಣಕ್ಕೆ ಏರುತ್ತಾ ಹೋಗುವ ಕಡಲು ಅದು. ಹಾಗಾಗಿ ಯೂಟಾ, ಒಮಾಹಾ ದಡಗಳಲ್ಲಿ 6:30ಕ್ಕೆ ಇಳಿದರೆ, ಗೋಲ್ಡ್ ಮತ್ತು ಸೋರ್ಡ್ ದಡಗಳಲ್ಲಿ 7:25. ಜೂನೋಗೆ ಇನ್ನೂ ತಡ.

ಭರತ ಇಳಿತದ ಆಟ ಇದಕ್ಕಿಂತ ಹೆಚ್ಚಾಗಿ ಕಂಡದ್ದು 1950ರ ಸೆಪ್ಟೆಂಬರ್ 15ರಂದು, ಕೊರಿಯಾದ ಇಂಚಾನ್‌ನಲ್ಲಿ. ನಮ್ಮ ಪಣಂಬೂರಿನಲ್ಲಿ ಭರತಕ್ಕೂ ಇಳಿತಕ್ಕೂ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಅಲ್ಲಿ ಸುಮಾರು 9 ಮೀಟರ್! ಇಳಿತದಲ್ಲಿ ಮೈಲುಗಟ್ಟಲೆ ಕೆಸರು, ದೋಣಿ ಹೂತುಹೋಗುತ್ತದೆ. ಅದಕ್ಕೇ ಅಮೆರಿಕದವರು ಬೆಳಗಿನ ಭರತದಲ್ಲಿ 6:30ಕ್ಕೆ ಎದುರಿನ ವೊಲ್ಮಿ ದ್ವೀಪಕ್ಕೆ ಇಳಿದರು. ಆ ಹೊತ್ತಿಗೆ ಎಲ್-ಅವರ್ ಎಂದು ಹೆಸರಿಟ್ಟರು. ನೀರು ಇಳಿದು ಮತ್ತೆ ಏರುವವರೆಗೆ ದ್ವೀಪಕ್ಕೆ ಇಳಿದವರು ಒಂಟಿ. ಮುಖ್ಯ ದಾಳಿಯ ಎಚ್-ಅವರ್ ಸಂಜೆ 5:30. ಒಂದೇ ದಿನ, ಎರಡು ಭರತ, ಎರಡು ಅಕ್ಷರ. ಮೀನುಗಾರರ ಮನೆಯ ಹುಡುಗನೊಬ್ಬನಿಗೆ ಇದನ್ನು ಹೇಳಿದಾಗ "ಅಷ್ಟು ಭರತ ಇರುವಲ್ಲಿ ಯಾರು ಸರ್ ದೋಣಿ ಇಳಿಸುವುದು?" ಎಂದ. ಅದಕ್ಕೇ ಎದುರಾಳಿಗಳು ಅಲ್ಲಿ ದೊಡ್ಡ ಕಾವಲು ಇಟ್ಟಿರಲಿಲ್ಲ.

ಬೇರೆ ಅಕ್ಷರಗಳೂ ಇವೆಯಾ?

ಬೇಕಾದಷ್ಟು. ಎಂ-ಡೇ ಎಂದರೆ ಸೇನೆಯನ್ನು ಕೂಡಿಸಲು ಶುರು ಮಾಡುವ ದಿನ. ಸಿ-ಡೇ ಎಂದರೆ ಪಡೆಗಳು ಜಾಗ ಬಿಟ್ಟು ಹೊರಡುವ ದಿನ. ಎಲ್-ಅವರ್ ಸಾಮಾನ್ಯವಾಗಿ ಹೆಲಿಕಾಪ್ಟರ್ ನೆಲ ಮುಟ್ಟುವ ಹೊತ್ತು. ಪಿ-ಅವರ್, ಮೊದಲ ಪ್ಯಾರಾಚೂಟಿನವ ಜಿಗಿಯುವ ಹೊತ್ತು. ಕೊಲ್ಲಿ ಯುದ್ಧದಲ್ಲಿ ಡಿ-ಡೇ ವಿಮಾನ ದಾಳಿಗೆ ಬಳಕೆಯಾಗಿತ್ತು, ಆದ್ದರಿಂದ ನೆಲದ ದಾಳಿಗೆ ಜಿ-ಡೇ ಎಂದರು. ಅದು 1991ರ ಫೆಬ್ರವರಿ 24.

ಪೆಸಿಫಿಕ್ ಕಡಲಿನಲ್ಲಿ ಅಮೆರಿಕದವರಿಗೆ ಅಕ್ಷರ ಸಾಲದೇ ಹೋಯಿತು ಅನಿಸುತ್ತದೆ. ಒಂದರ ಹಿಂದೆ ಒಂದು ದಾಳಿ, ಎಲ್ಲವೂ ಡಿ-ಡೇ ಎಂದರೆ ಗುಮಾಸ್ತರ ಗತಿ ಏನು? ಗುವಾಮಿಗೆ ಡಬ್ಲ್ಯೂ-ಡೇ, ಟಿನಿಯನ್‌ಗೆ ಜೆ-ಡೇ, ಲೇಟೆಗೆ ಎ-ಡೇ, ಒಕಿನಾವಾಗೆ ಎಲ್-ಡೇ. ರೇಡಿಯೋದಲ್ಲಿ ಎಲ್ ಅಕ್ಷರವನ್ನು ಆಗ "ಲವ್" ಎಂದು ಕರೆಯುತ್ತಿದ್ದರು. ಹಾಗಾಗಿ 1945ರ ಏಪ್ರಿಲ್ 1ರ ಆ ಭೀಕರ ಯುದ್ಧದ ಮೊದಲ ದಿನ "ಲವ್ ಡೇ"!

ಕೊನೆ ಗಳಿಗೆಯಲ್ಲಿ ರದ್ದಾದರೆ?

ಶುರು ಮಾಡುವುದಕ್ಕಿಂತ ನಿಲ್ಲಿಸುವುದು ಕಷ್ಟ. ಪೋಲೆಂಡಿನ ಮೇಲೆ ದಾಳಿಗೆ ಹಿಟ್ಲರ್ 1939ರ ಆಗಸ್ಟ್ 26ರ ನಸುಕು ಎಂದು ಗೊತ್ತು ಮಾಡಿದ್ದ. 25ರ ಸಂಜೆ ರದ್ದು ಮಾಡಿದ. ಲಕ್ಷಾಂತರ ಸೈನಿಕರನ್ನು ಹೇಗೋ ತಡೆದರು. ಆದರೆ ಯಬ್ಲುಂಕಾ ಕಣಿವೆಯ ರೈಲು ಸುರಂಗ ಹಿಡಿಯಲು ಮೊದಲೇ ಗಡಿ ದಾಟಿದ್ದ ಒಂದು ಸಣ್ಣ ತಂಡಕ್ಕೆ ಸುದ್ದಿ ಮುಟ್ಟಲಿಲ್ಲ. ಅವರು ಹೇಳಿದ ಹೊತ್ತಿಗೆ ಸರಿಯಾಗಿ ದಾಳಿ ಮಾಡಿ ಸ್ಟೇಷನ್ ಹಿಡಿದರು. ಯುದ್ಧವೇ ಇಲ್ಲ ಎಂದು ಆಮೇಲೆ ಗೊತ್ತಾಯಿತು! ನಿಜವಾದ ಯುದ್ಧ ಶುರುವಾದದ್ದು ಸೆಪ್ಟೆಂಬರ್ 1ಕ್ಕೆ.

ಅದಕ್ಕೇ ಒಳ್ಳೆ ಯೋಜನೆಯಲ್ಲಿ "ಹೊರಡಿ" ಎಂಬುದಕ್ಕೊಂದು, "ಮುಂದೂಡಿದೆ" ಎಂಬುದಕ್ಕೊಂದು, "ರದ್ದು" ಎಂಬುದಕ್ಕೊಂದು ಗುಪ್ತ ಪದ ಮೊದಲೇ ಇರುತ್ತದೆ.

ವಾಚು, ರೇಡಿಯೋ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?

ಕಣ್ಣು, ಕಿವಿ. ಬಾವುಟ, ಬೆಂಕಿ, ಕಹಳೆ, ನಗಾರಿ, ಒಂದು ತೋಪಿನ ಸದ್ದು. ಜಾತ್ರೆಯಲ್ಲಿ ಗರ್ನಾಲು ಸಿಡಿದರೆ ದೇವರ ಬಲಿ ಹೊರಟಿತು ಎಂದು ಮೂರು ಮೈಲಿ ಆಚೆಯವರಿಗೂ ಗೊತ್ತಾಗುತ್ತದಲ್ಲ, ಹಾಗೆ. ಟಿಪ್ಪು ಸುಲ್ತಾನ್ 1783ರಲ್ಲಿ ನಮ್ಮ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ 1784ರ ಜನವರಿಯವರೆಗೆ ಕೂತಿದ್ದ ಕಾಲವೂ ಇಂಥ ಸಂಕೇತಗಳದ್ದೇ.

ಸಂಕೇತದ ತೊಂದರೆ ಎಂದರೆ ಅದನ್ನು ನೋಡಿದವರು ಸರಿಯಾಗಿ ಓದಬೇಕು. 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಹಾರುತ್ತಿದ್ದ ಜಪಾನಿನ ನಾಯಕ ಫುಚಿದಾ ಒಂದು ಬೆಳಕಿನ ಬಾಣ ಬಿಟ್ಟರು. ಒಂದು ಎಂದರೆ "ಶತ್ರುವಿಗೆ ಸುಳಿವಿಲ್ಲ, ಟಾರ್ಪಿಡೊ ವಿಮಾನಗಳು ಮೊದಲು ಹೋಗಲಿ". ಫೈಟರ್ ವಿಮಾನಗಳು ನೋಡಲಿಲ್ಲವೇನೋ ಎಂದು ಇನ್ನೊಂದು ಬಿಟ್ಟರು. ಎರಡು ಎಂದರೆ "ಸುಳಿವು ಸಿಕ್ಕಿದೆ, ಬಾಂಬಿನವರು ಮೊದಲು"! ಎಲ್ಲರೂ ಒಟ್ಟಿಗೆ ನುಗ್ಗಿದರು. ಅಂದು ಎದುರಾಳಿ ನಿದ್ದೆಯಲ್ಲಿದ್ದದ್ದರಿಂದ ಅವರು ಬಚಾವಾದರು.

ನಮ್ಮ ದೇಶದ ಉದಾಹರಣೆ ಹೇಳಿ.

ಹತ್ತಿರದ್ದರಿಂದಲೇ ಶುರು ಮಾಡೋಣ. ಕಾರವಾರದ ಎದುರಿನ ಅಂಜುದೀವ್ ದ್ವೀಪ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಗೋವಾ ವಿಮೋಚನೆಗೆ ಮೊದಲು ಗೊತ್ತು ಮಾಡಿದ ದಿನ ಮುಂದೆ ಹೋಗಿ ಕೊನೆಗೆ ಡಿಸೆಂಬರ್ 18 ಡಿ-ಡೇ ಆಯಿತು. ಅಂದು ಬೆಳಿಗ್ಗೆ ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ದ್ವೀಪದ ಮುಂದೆ ನಿಂತವು, ನಾವಿಕರು ದೋಣಿಯಲ್ಲಿ ಇಳಿದರು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಮರುದಿನ ದ್ವೀಪ ನಮ್ಮದಾಯಿತು.

1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ನಡೆದ ಆಪರೇಷನ್ ಟ್ರೈಡೆಂಟ್‌ನಲ್ಲಿ ಹೊತ್ತೇ ಅರ್ಧ ಆಯುಧ. ನಿಪಾತ್, ನಿರ್ಘಾತ್, ವೀರ್ ಎಂಬ ಸಣ್ಣ ಕ್ಷಿಪಣಿ ದೋಣಿಗಳು. ಹಗಲಲ್ಲಿ ವಿಮಾನದ ಕಣ್ಣಿಗೆ ಬಿದ್ದರೆ ಕತೆ ಮುಗಿಯಿತು. ಕತ್ತಲಾದ ಮೇಲೆ ಹತ್ತಿರ ಹೋಗಬೇಕು, ಬೆಳಗಾಗುವ ಮುಂಚೆ ದೂರ ಬಂದಿರಬೇಕು. ಹಾಗೆಯೇ ಮಾಡಿದರು. ಅದರ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ.

ಕಾರ್ಗಿಲ್ ಯುದ್ಧದಲ್ಲಿ, 1999ರ ಜೂನ್ 12ರ ರಾತ್ರಿ ತೊಲೊಲಿಂಗ್ ಶಿಖರದ ಮೇಲೆ ಕೊನೆಯ ದಾಳಿ ಮಾಡಿದ್ದು 2 ರಾಜಪುತಾನಾ ರೈಫಲ್ಸ್. ಅದರ ಮುಂದಾಳು ಕನ್ನಡಿಗರೇ ಆದ ಲೆಫ್ಟಿನೆಂಟ್ ಕರ್ನಲ್ ಎಂ.ಬಿ. ರವೀಂದ್ರನಾಥ್. ಬೋಳು ಗುಡ್ಡ, ಅಡಗಲು ಒಂದು ಪೊದೆಯೂ ಇಲ್ಲ. ಫಿರಂಗಿಯ ಹೊಡೆತ ಮತ್ತು ಕತ್ತಲು, ಇವೆರಡೇ ಹತ್ತುವವರಿಗೆ ಮರೆ.

ಆಪರೇಷನ್ ಸಿಂಧೂರ ಮೇ 6ಕ್ಕಾ, 7ಕ್ಕಾ? ವಿದೇಶಿ ವರದಿಗಳಲ್ಲಿ 6 ಅಂತ ಇರುತ್ತದಲ್ಲ?

ಎರಡೂ ಸರಿ. ನಮ್ಮ ಸಮಯದಲ್ಲಿ 2025ರ ಮೇ 7ರ ನಸುಕಿನ 1:05ರಿಂದ 1:30ರವರೆಗೆ, 25 ನಿಮಿಷ, ಒಂಬತ್ತು ಗುರಿ. ಗ್ರೀನ್‌ವಿಚ್ ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಅದು ಮೇ 6ರ ಸಂಜೆ 7:35. ಸೇನೆಗಳು ಇದನ್ನು ಝುಲು ಸಮಯ ಎನ್ನುತ್ತವೆ. ದೂರದ ಪಡೆಗಳು ಒಟ್ಟಿಗೆ ಕೆಲಸ ಮಾಡುವಾಗ ಎಲ್ಲರೂ ಝುಲುವಿನಲ್ಲೇ ಮಾತಾಡಿದರೆ ಗೊಂದಲ ಇಲ್ಲ. ಪರ್ಲ್ ಹಾರ್ಬರ್ ಕೂಡ ಹವಾಯಿಯವರಿಗೆ ಡಿಸೆಂಬರ್ 7, ಜಪಾನಿಗೆ 8. ನಡುರಾತ್ರಿ 12 ಎಂದು ಆದೇಶ ಬರೆಯದಿರುವುದೂ ಇದೇ ಜಾತಿಯ ಎಚ್ಚರ. ಅದು ಇಂದಿನದ್ದೋ ನಾಳೆಯದ್ದೋ ಎಂಬ ಜಗಳ ಬೇಡ ಎಂದು 23:59 ಅಥವಾ 00:01 ಎಂದು ಬರೆಯುತ್ತಾರೆ.

ಇಸ್ರೋದ ಟಿ ಮೈನಸ್ ಕೂಡ ಇದೇನಾ?

ಅಣ್ಣ ತಮ್ಮ ಎನ್ನಬಹುದು. ರಾಕೆಟಿನ ಲೆಕ್ಕವನ್ನು ನಡುವೆ ನಿಲ್ಲಿಸಿ, ತೊಂದರೆ ಸರಿ ಮಾಡಿ, ಮತ್ತೆ ಶುರು ಮಾಡಬಹುದು. ದಾಳಿಯಲ್ಲಿ ಎಚ್ ಒಮ್ಮೆ ಹೇಳಿದ ಮೇಲೆ ಆ ಸವಲತ್ತು ಕಮ್ಮಿ.

ಇವಕ್ಕೆ ಕನ್ನಡದಲ್ಲಿ ಏನು ಹೇಳಬೇಕು?

ಪತ್ರಿಕೆಗಳು ಡಿ-ಡೇಗೆ "ನಿರ್ಣಾಯಕ ದಿನ" ಎಂದು ಬರೆಯುತ್ತವೆ. ನನಗೆ ಅದು ಒಗ್ಗುವುದಿಲ್ಲ. ಪಿಯುಸಿ ಫಲಿತಾಂಶಕ್ಕೂ ಮತ ಎಣಿಕೆಗೂ ಅದೇ ಪದ ಬಳಸಿ ಸವೆದುಹೋಗಿದೆ. ದಿನ ನಿರ್ಣಾಯಕವೋ ಅಲ್ಲವೋ ಸಂಜೆ ಗೊತ್ತಾಗುವುದು, ಡಿ ಎಂಬ ಅಕ್ಷರ ಮೊದಲೇ ಇರುತ್ತದೆ. ಎಚ್-ಅವರ್‌ಗೆ ಮಾತ್ರ "ಮುಹೂರ್ತ" ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ನಿಮಿಷದವರೆಗೆ ಗೊತ್ತು ಮಾಡಿದ ಹೊತ್ತು, ಎಲ್ಲರೂ ಕಾಯುವ ಹೊತ್ತು. ಕೋಟೆಯ ಮೇಲೆ ನುಗ್ಗುವುದಕ್ಕೆ ಹಳೆಯ ಕನ್ನಡದ "ಲಗ್ಗೆ" ಇದೆ, ಸುತ್ತುವರಿದು ಕೂರುವುದಕ್ಕೆ "ಮುತ್ತಿಗೆ" ಇದೆ. ಇವೆರಡನ್ನೂ ಬೆರೆಸಿ "ದಾಳಿ" ಎಂದೇ ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಎನ್‌ಸಿಸಿ ಪರೀಕ್ಷೆಯಲ್ಲಿ ಮಾತ್ರ ಎಚ್-ಅವರ್ ಎಂದೇ ಬರೆಯಿರಿ. ಮುಹೂರ್ತ ಎಂದರೆ ಮಾರ್ಕು ಸಿಗುವುದಿಲ್ಲ.